ಬಂಪರ್ ಪೇಂಟ್ ಎದ್ದು ಬಂತಾ? ಮೊದಲು ಹಕ್ಕಳೆಯ ಹಿಂಬದಿ ನೋಡಿ

ಹೋದ ಆಟಿ ತಿಂಗಳಲ್ಲಿ ಮಲ್ಪೆಯವರೊಬ್ಬರು ಕಾರು ತಂದು ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಪೇಂಟಿಂಗ್ ಶೆಡ್ಡಿನ ಎದುರು ನಿಲ್ಲಿಸಿದರು. ಮಳೆ ಜೋರಿತ್ತು. ಕೊಡೆ ಕೂಡ ಬಿಡಿಸದೆ ಇಳಿದು ಬಂದು ಹಿಂದಿನ ಬಂಪರ್ ತೋರಿಸಿದರು.

"ಎಂತ ಅಣ್ಣ ಇದು? ಮೂರು ವಾರ ಆಯ್ತಷ್ಟೆ. ವಾಶಿಂಗಿಗೆ ಬಿಟ್ಟಿದ್ದೆ. ನೀರು ಹೊಡೆದದ್ದೇ ತಡ, ಬಾಳೆಹಣ್ಣಿನ ಸಿಪ್ಪೆ ಹಾಗೆ ಎದ್ದು ಬಂತು."

"ಮಳೆಯಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ. ನೋಡುವ."

ಅಂಗೈ ಅಗಲದ ಹಕ್ಕಳೆ ಬಂಪರಿನ ಮೂಲೆಯಲ್ಲಿ ನೇತಾಡುತ್ತಿತ್ತು. ಪೇಂಟ್ ಹೊಡೆದದ್ದು ನಾನೇ. ಹೊಳಪು ಚೆನ್ನಾಗಿತ್ತು, ಬಣ್ಣ ಸರಿಯಾಗಿ ಕೂತಿತ್ತು, ಅವರು ಖುಷಿಯಲ್ಲೇ ಕಾರು ತಗೊಂಡು ಹೋಗಿದ್ದರು. ಹಾಗಾದ್ರೆ ತಪ್ಪಿದ್ದು ಎಲ್ಲಿ?

ಇಂಥ ಕೆಲಸ ವಾಪಸ್ ಬಂದಾಗ ಹೆಚ್ಚಿನ ಕಡೆ ಆಗುವುದು ಒಂದೇ. ಎದ್ದ ಜಾಗವನ್ನು ಉಜ್ಜುತ್ತಾರೆ, ಮೇಲೆ ಇನ್ನೊಂದು ಪ್ರೈಮರ್, ಅಂದ್ರೆ ಬಣ್ಣದ ಕೆಳಗಿನ ಕೋಟ್, ಹೊಡೆಯುತ್ತಾರೆ, ಬಣ್ಣ ಮುಚ್ಚಿ ಕಳಿಸುತ್ತಾರೆ. ಎರಡು ತಿಂಗಳಲ್ಲಿ ಅದರ ಪಕ್ಕದಲ್ಲೇ ಮತ್ತೆ ಏಳುತ್ತದೆ. ಯಾಕಂದ್ರೆ ಯಾವ ಪದರ ಯಾವ ಪದರವನ್ನು ಬಿಟ್ಟಿತು ಅಂತ ಯಾರೂ ನೋಡಿರುವುದಿಲ್ಲ. ಕಬ್ಬಿಣದ ಬಾಡಿಯಲ್ಲಿ ನಡೆಯುವ ಲೆಕ್ಕ ಬಾಗುವ ಪ್ಲಾಸ್ಟಿಕ್ಕಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ಸ್ಪ್ರೇ ಗನ್ ಹಿಡಿಯುವ ಮೊದಲು ಹಕ್ಕಳೆಯ ಹಿಂಬದಿ ನೋಡಿ. ಮುಕ್ಕಾಲು ಉತ್ತರ ಅಲ್ಲೇ ಉಂಟು.

ಹಕ್ಕಳೆ ಏನು ಹೇಳುತ್ತದೆ

ಎದ್ದ ಪೇಂಟನ್ನು ಎಳೆದು ಬಿಸಾಡಬೇಡಿ. ನಿಧಾನಕ್ಕೆ ಬಿಡಿಸಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮಗುಚಿ ನೋಡಿ. ಹಿಂಬದಿ ನುಣ್ಣಗೆ ಹೊಳೆಯುತ್ತಿದ್ದು, ಬಂಪರ್ ಮೇಲೆ ಬರೀ ಕಪ್ಪು ಪ್ಲಾಸ್ಟಿಕ್ ಕಾಣುತ್ತಿದ್ದರೆ ಪೇಂಟ್ ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ. ಹಿಂಬದಿಯಲ್ಲಿ ಬಣ್ಣ, ಬಂಪರ್ ಮೇಲೆ ಪ್ರೈಮರ್ ಉಳಿದಿದ್ದರೆ ಬೇಸ್ ಕೋಟ್, ಅಂದ್ರೆ ಬಣ್ಣದ ಪದರ, ಪ್ರೈಮರನ್ನು ಬಿಟ್ಟಿದೆ. ಹಕ್ಕಳೆ ಗಾಜಿನ ಹಾಗೆ ಆಚೆ ಈಚೆ ಕಾಣುವಂತಿದ್ದರೆ ಎದ್ದಿದ್ದು ಮೇಲಿನ ಹೊಳಪಿನ ಪದರ, ಕ್ಲಿಯರ್ ಕೋಟ್ ಮಾತ್ರ. ಎರಡೂ ಕಡೆ ಪ್ರೈಮರಿನ ಪುಡಿ ಇದ್ದರೆ ಪ್ರೈಮರ್ ತನ್ನೊಳಗೇ ಸೀಳಿದೆ. ಒಂದೋ ದಪ್ಪ ಜಾಸ್ತಿ ಆಗಿದೆ, ಇಲ್ಲ ಪೇಂಟ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಸರಿಯಾಗಿ ಬಿದ್ದಿಲ್ಲ.

ಆಮೇಲೆ ಆ ಹಕ್ಕಳೆಯನ್ನು ಬೆರಳಿನಲ್ಲಿ ಮಡಚಿ. ಹಪ್ಪಳದ ಹಾಗೆ ಟಪಕ್ಕನೆ ಮುರಿದರೆ ಪೇಂಟೇ ಗಡುಸಾಗಿದೆ, ಬಂಪರ್ ಬಾಗಿದಾಗ ಅದು ಬಾಗಲಿಲ್ಲ. ಮುರಿಯದೆ ಮಡಚಿಕೊಂಡರೆ ಪೇಂಟಿನ ಗುಣ ಸರಿಯಿದೆ, ಹಿಡಿತ ಮಾತ್ರ ತಪ್ಪಿದೆ. ಇವೆರಡಕ್ಕೂ ಔಷಧ ಬೇರೆ ಬೇರೆ. ಹಿಡಿತ ಇಲ್ಲದ್ದಕ್ಕೆ ಪೇಂಟನ್ನು ಮೆದು ಮಾಡುವ ಫ್ಲೆಕ್ಸ್ ಎಡಿಟಿವ್ ಸುರಿದರೆ ಪ್ರಯೋಜನ ಇಲ್ಲ.

ಇನ್ನೊಂದು ಪರೀಕ್ಷೆ ಬಿಳಿ ಬಟ್ಟೆಯದ್ದು. ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಬಂಪರಿನಲ್ಲಿ ಉಳಿದ ಪೇಂಟನ್ನು ಒರೆಸಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಹಾರ್ಡ್‌ನರ್ ಇಲ್ಲದ ಹಳೇ ಲ್ಯಾಕ್ವರ್, ಇಲ್ಲವೇ ಹಾರ್ಡ್‌ನರ್ ಕಮ್ಮಿ ಬಿದ್ದ ಪೇಂಟ್. ಅದರ ಮೇಲೆ ಟು-ಕೆ ಪೇಂಟ್, ಅಂದ್ರೆ ಹಾರ್ಡ್‌ನರ್ ಬೆರೆಸಿದ ಪೇಂಟ್, ಹೊಡೆದರೆ ಥಿನ್ನರ್ ಕೆಳಗಿಳಿದು ಹಾಲಿನ ಕೆನೆಯ ಹಾಗೆ ಸುಕ್ಕು ಬರುತ್ತದೆ. ಪೂರ್ತಿ ಗಟ್ಟಿಯಾದ ಟು-ಕೆ ಪೇಂಟ್ ಹೀಗೆ ಕರಗಿ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ಬಂಪರ್ ಬಂದರೆ ನಾನು ಮಾಡುವ ಮೊದಲ ಕೆಲಸ ಇದೇ.

ಮಲ್ಪೆಯವರ ಬಂಪರಿನಲ್ಲಿ ಹಕ್ಕಳೆ ಮಡಚಿದರೆ ಮುರಿಯಲಿಲ್ಲ. ಹಿಂಬದಿ ಹೊಳೆಯುತ್ತಿತ್ತು. ಅದೃಷ್ಟಕ್ಕೆ ನಾನು ಬಳಸುವ ಪ್ರಮೋಟರಿನಲ್ಲಿ, ಅಂದ್ರೆ ಪ್ಲಾಸ್ಟಿಕ್ಕಿಗೂ ಪ್ರೈಮರಿಗೂ ನಡುವೆ ಹೊಡೆಯುವ ಆ ತೆಳ್ಳಗಿನ ಕೋಟಿನಲ್ಲಿ, ಸ್ವಲ್ಪ ಬೆಳ್ಳಿ ಬಣ್ಣ ಇರುತ್ತದೆ. ಆ ಬೆಳ್ಳಿ ಹಕ್ಕಳೆಯ ನಡುಭಾಗಕ್ಕೆ ಅಂಟಿಕೊಂಡಿತ್ತು. ಅಂಚಿಗೆ ಬಂದರೆ ಹಕ್ಕಳೆಯಲ್ಲಿ ಬೂದು ಪ್ರೈಮರ್ ಮಾತ್ರ, ಬೆಳ್ಳಿ ಬಂಪರಿನ ಮೇಲೇ ಉಳಿದಿತ್ತು. ಒಂದೇ ಹಕ್ಕಳೆಯಲ್ಲಿ ಎರಡು ತಪ್ಪು. ನಡುವೆ ಪ್ರಮೋಟರ್ ಪ್ಲಾಸ್ಟಿಕ್ಕನ್ನು ಬಿಟ್ಟಿತ್ತು, ಅಂದ್ರೆ ತೊಳೆದದ್ದು ಸಾಲಲಿಲ್ಲ. ಅಂಚಿನಲ್ಲಿ ಪ್ರೈಮರ್ ಪ್ರಮೋಟರನ್ನು ಬಿಟ್ಟಿತ್ತು, ಅಂದ್ರೆ ಸಮಯ ಮೀರಿತ್ತು. ನೆನಪು ಮಾಡಿಕೊಂಡೆ. ಆ ದಿನ ಪ್ರಮೋಟರ್ ಹೊಡೆದು ಮುಗಿಸುವಾಗ ಕರೆಂಟ್ ಹೋಗಿತ್ತು. ಮರುದಿನ ಬೆಳಿಗ್ಗೆ ಪ್ರೈಮರ್ ಹೊಡೆದಿದ್ದೆ.

ಬಣ್ಣ ಇಲ್ಲದ ಪ್ರಮೋಟರ್ ಆಗಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಅದಕ್ಕೇ ನಾನು ಬೆಳ್ಳಿಯದ್ದನ್ನೇ ತರಿಸುವುದು.

ಪ್ಲಾಸ್ಟಿಕ್ ಯಾವುದು ಅಂತ ತಿಳಿಯದೆ ಮುಂದೆ ಹೋಗಬೇಡಿ

ಬಂಪರ್ ಬಿಚ್ಚಿ ಒಳಬದಿ ನೋಡಿದರೆ ಅಚ್ಚೊತ್ತಿದ ಗುರುತು ಇರುತ್ತದೆ. ಈಗಿನ ಹೆಚ್ಚಿನ ಬಂಪರ್‌ಗಳಲ್ಲಿ ಪಿಪಿ, ಇಪಿಡಿಎಂ, ಕೊನೆಗೆ ಟಿ10 ಅಥವಾ ಟಿ20 ಅಂತ ಇರುತ್ತದೆ. ಪಿಪಿ ಅಂದ್ರೆ ಪಾಲಿಪ್ರೊಪಿಲೀನ್, ಇಪಿಡಿಎಂ ಬಾಗಲಿಕ್ಕೆ ಸೇರಿಸಿದ ರಬ್ಬರ್, ಟಿ20 ಅಂದ್ರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ಕನ್ನಡಿಯ ಕವರ್, ಗ್ರಿಲ್, ಕೆಲವು ಸ್ಕೂಟರಿನ ಪ್ಯಾನೆಲ್ ಇವೆಲ್ಲ ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಇರಬಹುದು. ಇವೆರಡರ ಸ್ವಭಾವ ಪೂರ್ತಿ ಬೇರೆ. ಎಬಿಎಸ್ ಪೇಂಟನ್ನು ಸುಲಭದಲ್ಲಿ ಹಿಡಿಯುತ್ತದೆ. ಪಿಪಿ ಯಾವುದನ್ನೂ ಹಿಡಿಯುವುದಿಲ್ಲ. ಮನೆಯಲ್ಲಿ ಪಿಪಿ ಡಬ್ಬಕ್ಕೆ ಅಂಟು ಹಾಕಿ ನೋಡಿದವರಿಗೆ ಗೊತ್ತು, ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೆ ಇಡಿಯಾಗಿ ಎದ್ದು ಬರುತ್ತದೆ. ಬಂಪರಿನಲ್ಲೂ ಅದೇ ಕತೆ. ಕಂಪನಿಯಲ್ಲಿ ಪೇಂಟಿಗೆ ಮೊದಲು ಪಿಪಿ ಮೇಲೆ ಬೆಂಕಿಯ ಜ್ವಾಲೆ ಆಡಿಸಿಯೋ, ಪ್ಲಾಸ್ಮಾ ಕೊಟ್ಟೋ, ಪ್ರಮೋಟರ್ ಹೊಡೆದೋ ಹಿಡಿತ ಬರಿಸುತ್ತಾರೆ. ನಮ್ಮ ಕೈಯಲ್ಲಿ ಇರುವುದು ಪ್ರಮೋಟರ್ ಒಂದೇ.

ಗುರುತು ಅಳಿಸಿಹೋಗಿದ್ದರೆ ಒಳಬದಿಯ ಮೂಲೆಯಲ್ಲಿ ಎಮರಿ ಪೇಪರಿನಿಂದ ಉಜ್ಜಿ ನೋಡಿ. ಒಣ ಪುಡಿ ಉದುರಿದರೆ ಎಬಿಎಸ್ ಥರದ್ದು. ಪುಡಿಯಾಗದೆ ಮೇಣದ ಹಾಗೆ ಸವರಿಕೊಂಡು, ನಾರು ನಾರಾಗಿ ಎದ್ದರೆ ಪಿಪಿ ಜಾತಿ. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆ ಉಂಟಲ್ಲ, ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್ ಅಂತ, ಅದನ್ನು ಪೂರ್ತಿ ನಂಬಬೇಡಿ. ಬರೀ ಪಿಪಿ ತೇಲುತ್ತದೆ ನಿಜ. ಆದರೆ 20 ಭಾಗ ಟಾಲ್ಕ್ ಸೇರಿದ ಪಿಪಿ ನೀರಿಗಿಂತ ಸ್ವಲ್ಪ ಭಾರವಾಗಿ ಮುಳುಗುತ್ತದೆ. ಮುಳುಗಿತು ಅಂತ ಎಬಿಎಸ್ ಲೆಕ್ಕದಲ್ಲಿ ಪೇಂಟ್ ಹೊಡೆದರೆ ಕೆಲಸ ಹಾಳು. ಸುಟ್ಟು ಮೂಸಿ ನೋಡುವವರೂ ಇದ್ದಾರೆ. ದಯವಿಟ್ಟು ಬೇಡ, ಆ ಹೊಗೆ ಎದೆಗೆ ಒಳ್ಳೆಯದಲ್ಲ.

ಪ್ಲಾಸ್ಟಿಕ್ ತನಕ ಎದ್ದು ಬಂದರೆ

ನಮ್ಮಲ್ಲಿ ಜಾಸ್ತಿ ಬರುವ ದೂರು ಇದು. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಪ್ರಮೋಟರ್ ಹೊಡೆದಿಲ್ಲ, ತೊಳೆದದ್ದು ಸಾಲಲಿಲ್ಲ, ಪ್ರಮೋಟರ್ ದಪ್ಪ ಹೊಡೆದಿದೆ, ಇಲ್ಲವೇ ಸಮಯ ಮೀರಿದೆ.

ಹೊಸ, ಪೇಂಟ್ ಆಗದ ಕಪ್ಪು ಬಂಪರ್ ಪೆಟ್ಟಿಗೆಯಿಂದ ತೆಗೆಯುವಾಗ ಶುದ್ಧ ಇದೆ ಅಂತಲೇ ಅನಿಸುತ್ತದೆ. ಆದರೆ ಅಚ್ಚಿನಿಂದ ಸುಲಭಕ್ಕೆ ಬಿಟ್ಟು ಬರಲಿ ಅಂತ ಬಳಸುವ ಜಾರು ಪದಾರ್ಥ ಅದರ ಮೈಮೇಲೆ ಉಳಿದಿರಬಹುದು. ಕಣ್ಣಿಗೆ ಕಾಣುವುದಿಲ್ಲ. ಉಜ್ಜಿದರೆ ಹೋಗುತ್ತದೆ ಅಂತ ಭಾವಿಸಿ ನೇರ ಎಮರಿ ಪೇಪರ್ ಹಿಡಿದರೆ ಅದನ್ನು ಗೀರುಗಳ ಒಳಗೆ ತುಂಬಿದ ಹಾಗೆ ಆಗುತ್ತದೆ. ಆದ್ದರಿಂದ ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು, ಮತ್ತೆ ತೊಳೆಯುವುದು. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಬೂದು ಬಣ್ಣದ ಸ್ಕಫ್ ಪ್ಯಾಡ್. ಅಂಚು, ಮಡಿಕೆ, ನಂಬರ್ ಪ್ಲೇಟಿನ ಗುಂಡಿ, ಫಾಗ್ ಲ್ಯಾಂಪಿನ ಸುತ್ತ ಜಾಸ್ತಿ ಉಜ್ಜಿ. ಪೇಂಟ್ ಏಳಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ, ಯಾಕಂದ್ರೆ ನಮ್ಮ ಕೈ ಹೋಗದ ಜಾಗ ಅದೇ. ಪೇಂಟ್ ಹೊಡೆಯುವ ಬೂತಿನಲ್ಲಿ ಹೀಟರ್ ಇದ್ದರೆ ಹೊಸ ಬಂಪರನ್ನು 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮೈಮೇಲೆ ಬೆವರಿ ಬಂದದ್ದನ್ನು ಪ್ಲಾಸ್ಟಿಕ್ ಕ್ಲೀನರಿನಲ್ಲಿ ಒರೆಸಿ.

ಒರೆಸುವುದಕ್ಕೆ ಎರಡು ಬಟ್ಟೆ ಬೇಕು. ಒಂದರಲ್ಲಿ ಕ್ಲೀನರ್, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಜಾಗ ಬದಲಿಸುತ್ತದೆ, ಅಷ್ಟೆ. ಕ್ಲೀನರ್ ಬದಲು ಲ್ಯಾಕ್ವರಿಗೆ ಬೆರೆಸುವ ಎನ್‌ಸಿ ಥಿನ್ನರ್ ಹಾಕುವ ಅಭ್ಯಾಸ ಬಿಡಿ. ಬಂಪರಿನ ರಬ್ಬರ್ ಭಾಗ ಅದನ್ನು ಕುಡಿದು ಉಬ್ಬುತ್ತದೆ, ಆಮೇಲೆ ಪೇಂಟಿನ ಕೆಳಗಿನಿಂದ ಹೊರಗೆ ಬಿಡುತ್ತದೆ. ಎಬಿಎಸ್ ಆದರೆ ಇನ್ನೂ ಕೆಟ್ಟದ್ದು, ಒಂದೆರಡು ವಾರದಲ್ಲಿ ಸ್ಕ್ರೂ ತೂತಿನ ಸುತ್ತ ಕೂದಲೆಳೆಯ ಬಿರುಕು ಬರುತ್ತದೆ.

ತೊಳೆದದ್ದು ಸಾಕಾ ಅಂತ ಹೇಗೆ ತಿಳಿಯುವುದು? ಉಜ್ಜಿ ತೊಳೆದ ಬಂಪರ್ ಮೇಲೆ ಚೊಂಬಿನಿಂದ ನೀರು ಸುರಿದು ಬದಿಯಿಂದ ನೋಡಿ. ಪಿಪಿ ಮೇಲೆ ನೀರು ಕಬ್ಬಿಣದಲ್ಲಿ ಹರಡಿದಷ್ಟು ಚೆನ್ನಾಗಿ ಹರಡುವುದಿಲ್ಲ, ಅದನ್ನು ನಿರೀಕ್ಷೆ ಮಾಡಬೇಡಿ. ನೋಡಬೇಕಾದ್ದು ವ್ಯತ್ಯಾಸ. ಎಲ್ಲ ಕಡೆ ಒಂದೇ ರೀತಿ ಹರಡಿ, ಒಂದು ಜಾಗದಲ್ಲಿ ಮಾತ್ರ ಕೆಸುವಿನ ಎಲೆ ಮೇಲಿನ ಹಾಗೆ ಹನಿಗಟ್ಟಿ ಓಡಿದರೆ ಅಲ್ಲಿ ಎಣ್ಣೆ ಉಂಟು. ಆ ಜಾಗ ಮತ್ತೆ ತೊಳೆಯಿರಿ.

ಪ್ರಮೋಟರ್ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಇದಕ್ಕೆ ಪ್ಲಾಸ್ಟಿಕ್ ಪ್ರೈಮರ್ ಅಂತಲೂ ಹೇಳುತ್ತಾರೆ. ಆದರೆ ಪ್ಲಾಸ್ಟಿಕ್ ಪ್ರೈಮರ್ ಅಂತ ಬರೆದ ಎಲ್ಲವೂ ಪಿಪಿಗೆ ಆಗುವುದಿಲ್ಲ, ಡಬ್ಬಿಯಲ್ಲಿ ಪಿಪಿ ಅಥವಾ ಟಿಪಿಒ (ಪಿಪಿಗೆ ರಬ್ಬರ್ ಬೆರೆಸಿದ್ದು) ಹೆಸರು ಇದೆಯಾ ನೋಡಿ ತಗೊಳ್ಳಿ. ಇದರ ಒಳಗಿನ ಸಾಮಾನು ಹೆಚ್ಚಾಗಿ ಕ್ಲೋರಿನ್ ಸೇರಿಸಿದ ಪಾಲಿಒಲೆಫಿನ್. ಅದಕ್ಕೆ ಪಿಪಿ ಜೊತೆಗೂ ನಂಟು, ಮೇಲಿನ ಪೇಂಟ್ ಜೊತೆಗೂ ನಂಟು. ಇದನ್ನು ತೆಳ್ಳಗೆ ಹೊಡೆಯಬೇಕು. ಐದರಿಂದ ಹತ್ತು ಮೈಕ್ರಾನ್ ಸಾಕು. ದಪ್ಪ ಹೊಡೆದರೆ ಆ ಪದರವೇ ಮೆತ್ತಗೆ ಉಳಿದು ನಡುವೆ ಸೀಳುತ್ತದೆ. ಉಜ್ಜಬಾರದು. ಹೆಚ್ಚಿನವಕ್ಕೆ ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಮುಂದಿನ ಕೋಟ್ ಹೊಡೆಯಬೇಕು. ಎಷ್ಟರೊಳಗೆ ಹೊಡೆಯಬೇಕು ಅಂತ ಆ ಪೇಂಟ್ ಕಂಪನಿ ಕೊಡುವ ಮಾಹಿತಿ ಶೀಟಿನಲ್ಲಿ ಇರುತ್ತದೆ, ಅದನ್ನು ಮೀರಿದರೆ ಸುಮ್ನೆ ಮುಂದೆ ಹೋಗಬೇಡಿ, ಮೇಲಿನ ಧೂಳು ತೆಗೆದು ಪ್ರಮೋಟರನ್ನೇ ಇನ್ನೊಮ್ಮೆ ಹೊಡೆಯಿರಿ. ಕರೆಂಟ್ ಹೋದ ಆ ದಿನ ನಾನು ಬಿಟ್ಟದ್ದು ಇದನ್ನೇ.

ಒಂದು ಪ್ರಶ್ನೆ ತುಂಬ ಜನ ಕೇಳುತ್ತಾರೆ. ಅಂಗೈಯಷ್ಟು ಎದ್ದಿದೆ, ಅಷ್ಟಕ್ಕೇ ಪೇಂಟ್ ಹೊಡೆದರೆ ಸಾಲದಾ? ಕಲ್ಲು ಬಡಿದು, ಗೋಡೆಗೆ ತಾಗಿ ಎದ್ದದ್ದಾದರೆ ಸಾಕು. ಸುಮ್ನೆ ಎದ್ದದ್ದಾದರೆ ಸಾಲದು. ಉಳಿದ ಪೇಂಟ್ ಕೂಡ ಅದೇ ದಿನ, ಅದೇ ಕೈಯಲ್ಲಿ, ಅದೇ ತಪ್ಪಿನ ಮೇಲೆ ಕೂತಿದೆ. ಅನುಮಾನ ಇದ್ದರೆ ಗಟ್ಟಿ ಇರುವ ಜಾಗದಲ್ಲಿ ಹೊಸ ಬ್ಲೇಡಿನಿಂದ ಎರಡು ಮಿಲಿಮೀಟರ್ ಅಂತರದಲ್ಲಿ ಆರು ಗೆರೆ ಉದ್ದಕ್ಕೆ, ಆರು ಅಡ್ಡಕ್ಕೆ ಎಳೆಯಿರಿ. ಮೇಲೆ ಟೇಪ್ ಒತ್ತಿ ಹಚ್ಚಿ ಒಂದೇ ಸಲಕ್ಕೆ ಕಿತ್ತು ನೋಡಿ. ಐಎಸ್ಒ 2409 ಅನ್ನುವ ಪರೀಕ್ಷೆಯ ಲೆಕ್ಕ ಹೀಗೇ ಇರುವುದು, ಅದರಲ್ಲಿ ಒಂದು ಚೌಕವೂ ಏಳದಿದ್ದರೆ ಸೊನ್ನೆ, ಅದೇ ಒಳ್ಳೆಯ ಅಂಕ. ಚೌಕಗಳು ಟೇಪಿಗೆ ಬಂದರೆ ಇಡೀ ಬಂಪರ್ ಬೋಳಿಸಬೇಕು. ಬೋಳಿಸಲು ಪೇಂಟ್ ರಿಮೂವರ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಹಿಡಿತ ಇಲ್ಲದ ಪೇಂಟ್ ಆದ್ದರಿಂದ ವಾಶಿಂಗಿನ ನೀರಿನ ಗನ್ ಹಿಡಿದರೆ ಅರ್ಧಕ್ಕರ್ಧ ತಾನಾಗಿ ಹೋಗುತ್ತದೆ. ಉಳಿದದ್ದನ್ನು ಉಜ್ಜಿ ತೆಗೆಯಿರಿ. ಒಣ ಡಿಸ್ಕ್ ಹಿಡಿದು ಪಿಪಿಯನ್ನು ಬಿಸಿ ಮಾಡಿದರೆ ನಾರು ಏಳುತ್ತದೆ. ಆ ನಾರು ಪೇಂಟ್ ಒಣಗಿದ ಮೇಲೆ ಗಡ್ಡದ ಮೊಳಕೆಯ ಹಾಗೆ ಕೈಗೆ ಸಿಗುತ್ತದೆ.

ಮೇಲಿನ ಪದರ ಮಾತ್ರ ಎದ್ದರೆ

ಕ್ಲಿಯರ್ ಮಾತ್ರ ಎದ್ದರೆ ಬೇಸ್ ಕೋಟ್ ಹೊಡೆದು ತುಂಬ ಹೊತ್ತು ಬಿಟ್ಟಿದ್ದಾರೆ, ಇಲ್ಲ ಬೇಸ್ ಕೋಟನ್ನು ಒಣ ಪುಡಿಯ ಹಾಗೆ ದಪ್ಪ ಕೂರಿಸಿದ್ದಾರೆ, ಇಲ್ಲ ನಡುವೆ ಧೂಳೋ ತೇವವೋ ಕೂತಿದೆ. ಬೇಸ್ ಪ್ರೈಮರನ್ನು ಬಿಟ್ಟಿದ್ದರೆ ಪ್ರೈಮರ್ ಗಟ್ಟಿಯಾದ ಮೇಲೆ ಉಜ್ಜದೆ ಹೊಡೆದಿದ್ದಾರೆ. ಎರಡಕ್ಕೂ ದಾರಿ ಒಂದೇ: ಎದ್ದ ಪದರವನ್ನು ಗಟ್ಟಿ ಅಂಚು ಸಿಗುವ ತನಕ ತೆಗೆದು, ಸಣ್ಣ ಪೇಪರಿನಲ್ಲಿ ಸಮ ಮಾಡಿ, ಅಲ್ಲಿಂದ ಮೇಲಕ್ಕೆ ಹೊಡೆಯುವುದು. ಕೆಳಗಿನದ್ದು ಟೇಪ್ ಪರೀಕ್ಷೆ ಪಾಸಾದರೆ ಅದನ್ನು ಮುಟ್ಟಬೇಡಿ.

ಬಿರುಕು

ಬಂಪರಿನ ಬಿರುಕು ಬರುವುದು ಬಾಗುವ ಜಾಗದಲ್ಲಿ. ಉದ್ದಕ್ಕೆ ಸಾಲು ಸಾಲಾಗಿ, ಒಂದಕ್ಕೊಂದು ಸಮವಾಗಿ ಗೆರೆ ಬಿದ್ದಿದ್ದರೆ ಪೇಂಟ್ ಬಾಗಲಾರದೆ ಒಡೆದದ್ದು. ಜೇಡರ ಬಲೆಯ ಹಾಗೆ ಒಂದು ಬಿಂದುವಿನಿಂದ ಹರಡಿದ್ದರೆ ಏನೋ ತಾಗಿದ್ದು. ನಕ್ಷೆಯ ತುಂಡಿನ ಹಾಗೆ ಒಂದು ಗಡಿಯ ಒಳಗೆ ಮಾತ್ರ ಒಡೆದಿದ್ದರೆ ಆ ಗಡಿಯ ಕೆಳಗೆ ಪುಟ್ಟಿ ಉಂಟು ಅಂತಲೇ ತಿಳಿಯಿರಿ. ಬಾಡಿಗೆ ಹಚ್ಚುವ ಸಾಮಾನ್ಯ ಪುಟ್ಟಿ ಪಿಪಿಯನ್ನು ಹಿಡಿಯುವುದೂ ಇಲ್ಲ, ಬಾಗುವುದೂ ಇಲ್ಲ. ಬಂಪರಿಗೆ ಬಾಗುವ ಪ್ಲಾಸ್ಟಿಕ್ ಪುಟ್ಟಿಯೇ ಬೇಕು, ಅದೂ ತೆಳ್ಳಗೆ. ಸಾಮಾನ್ಯ ಪುಟ್ಟಿ ಹಚ್ಚಿದ್ದನ್ನು ಪೂರ್ತಿ ಕೆತ್ತಿ ತೆಗೆಯದೆ ಬೇರೆ ದಾರಿ ಇಲ್ಲ.

ಇನ್ನೊಂದು ಕಾರಣ ದಪ್ಪ. ಒಂದರ ಮೇಲೊಂದು ಮೂರು ಸಲ ಪೇಂಟ್ ಕಂಡ ಬಂಪರ್ ಒಡೆಯುವುದರಲ್ಲಿ ಆಶ್ಚರ್ಯ ಇಲ್ಲ. ಬಾಡಿಯ ಪೇಂಟ್ ದಪ್ಪ ಅಳೆಯುವ ಸಾಮಾನ್ಯ ಮೀಟರ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಮೇಲೆ ಅಳೆಯಲು ಅಲ್ಟ್ರಾಸೋನಿಕ್ ಮೀಟರೇ ಬೇಕು. ಅದು ಇಲ್ಲದವರು ಹಕ್ಕಳೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ಪದರ ಎಣಿಸಬಹುದು. ಬಣ್ಣ ಎಷ್ಟು ಸಲ ಬಂತು ಅಂತ ಮರದ ಉಂಗುರದ ಹಾಗೆ ಕಾಣುತ್ತದೆ.

ಪೇಂಟ್ ಯಾಕೆ ಬಾಗಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮಲ್ಪೆ ಬೀಚಿನಲ್ಲಿ ಏಪ್ರಿಲಿನ ಮಧ್ಯಾಹ್ನ ಕಾರು ನಿಲ್ಲಿಸಿದರೆ ಗಾಢ ಬಣ್ಣದ ಬಂಪರ್ ರಾತ್ರಿಯ ತಂಪಿಗಿಂತ 30 ಡಿಗ್ರಿ ಜಾಸ್ತಿ ಬಿಸಿಯಾಗುವುದು ದೊಡ್ಡ ಮಾತಲ್ಲ. ಅಷ್ಟಕ್ಕೆ 1.7 ಮೀಟರ್ ಉದ್ದದ ಬಂಪರ್ ಮೂರು ನಾಲ್ಕು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಕಬ್ಬಿಣ ಅರ್ಧ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ದಿನಾ ಹಿಗ್ಗಿ ಕುಗ್ಗುವ ಮೈಮೇಲೆ ಪೇಂಟ್ ಕೂತಿರಬೇಕು.

ಫ್ಲೆಕ್ಸ್ ಎಡಿಟಿವ್ ಎಲ್ಲದಕ್ಕೂ ಬೇಕಾ? ಬೇಡ. ಈಗಿನ ಒಳ್ಳೆಯ ಟು-ಕೆ ಕ್ಲಿಯರ್‌ಗಳಲ್ಲಿ ಹಲವು ಬಂಪರಿನಷ್ಟು ಬಾಗಿದರೂ ತಾಳಿಕೊಳ್ಳುತ್ತವೆ. ಕೈಯಲ್ಲಿ ಒತ್ತಿದರೆ ಸುಲಭಕ್ಕೆ ಮಡಚುವ ತುಂಬ ಮೆತ್ತಗಿನ ಭಾಗಕ್ಕೆ ಹಾಕಿ, ಅದೂ ಶೀಟಿನಲ್ಲಿ ಹೇಳಿದ ಪದರಕ್ಕೆ, ಹೇಳಿದ ಅಳತೆಯಲ್ಲಿ. ಅಂದಾಜಿನಲ್ಲಿ ಜಾಸ್ತಿ ಸುರಿದರೆ ಕ್ಲಿಯರ್ ಮೆತ್ತಗೆ ಉಳಿದು ಬೆರಳ ಗುರುತು, ಧೂಳು ಎಲ್ಲ ಹಿಡಿಯುತ್ತದೆ. ಬಂಪರನ್ನು ಸ್ಟ್ಯಾಂಡಿಗೆ ಕೂರಿಸುವಾಗ ಕಾರಿನಲ್ಲಿ ಯಾವ ಆಕಾರದಲ್ಲಿ ಕೂರುತ್ತದೋ ಅದೇ ಆಕಾರದಲ್ಲಿ ಕೂರಿಸಿ. ತುದಿಗಳನ್ನು ಒಳಕ್ಕೆ ಬಾಗಿಸಿ ಹಗ್ಗ ಕಟ್ಟಿ ಪೇಂಟ್ ಹೊಡೆದರೆ, ಫಿಟ್ಟಿಂಗ್ ಮಾಡುವ ದಿನವೇ ಮೂಲೆ ಒಡೆಯುತ್ತದೆ.

ಮಳೆಗಾಲದ ಗುಳ್ಳೆ ಮತ್ತು ಬಿಳುಪು

ಘಟ್ಟದ ಮೇಲಿನವರಿಗೆ ಇಷ್ಟು ಕಷ್ಟ ಇಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ ಬಟ್ಟೆ ಇದ್ದ ಹಾಗೆ.

27 ಡಿಗ್ರಿ ಬಿಸಿ, ನೂರಕ್ಕೆ 90 ತೇವ ಇರುವ ದಿನ ಮೇಲ್ಮೈ 25 ಡಿಗ್ರಿಗೆ ಇಳಿದರೆ ಸಾಕು, ಅದರ ಮೇಲೆ ಇಬ್ಬನಿ ಕೂರುತ್ತದೆ. ರಾತ್ರಿಯಿಡೀ ಸಿಮೆಂಟ್ ನೆಲದಲ್ಲಿ ಇದ್ದ ಬಂಪರ್ ಬೆಳಿಗ್ಗೆ ಅಷ್ಟು ತಣ್ಣಗೆ ಇರಬಹುದು. ಅದರ ಮೇಲೆ ಪೇಂಟ್ ಹೊಡೆದಾಗ ಥಿನ್ನರ್ ಹಾರಿಹೋಗುತ್ತಾ ಮೇಲ್ಮೈಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಕಣ್ಣಿಗೆ ಕಾಣದ ನೀರು ಒದ್ದೆ ಪೇಂಟಿನ ಮೇಲೆ ಕೂರುತ್ತದೆ. ಲ್ಯಾಕ್ವರ್ ಆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಟು-ಕೆ ಕ್ಲಿಯರ್ ಆದರೆ ಹಾರ್ಡ್‌ನರ್ ಪೇಂಟಿನ ಜೊತೆ ಸೇರುವ ಬದಲು ನೀರಿನ ಜೊತೆ ಸೇರಿ ಗ್ಯಾಸ್ ಬಿಡುತ್ತದೆ. ಆ ಗ್ಯಾಸೇ ಸೂಜಿಮೊನೆಯ ಗುಳ್ಳೆ. ಹೊಳಪೂ ಇಳಿಯುತ್ತದೆ. ಪರಿಹಾರಕ್ಕೆ ದೊಡ್ಡ ಬೂತ್ ಬೇಕಂತಿಲ್ಲ. ಬಂಪರನ್ನು ನೆಲದಿಂದ ಎತ್ತಿ ಸ್ಟ್ಯಾಂಡಿಗೆ ಹಾಕಿ, ಹ್ಯಾಲೊಜನ್ ದೀಪವನ್ನು ದೂರದಿಂದ ಹಿಡಿದು ಇಬ್ಬನಿ ಕೂರುವ ಮಟ್ಟಕ್ಕಿಂತ ಮೂರು ಡಿಗ್ರಿಯಾದರೂ ಬಿಸಿ ಇರುವಂತೆ ನೋಡಿಕೊಳ್ಳಿ. ನಿಧಾನ ಹಾರುವ ಥಿನ್ನರ್ ಬಳಸಿ. ಬೆಳಿಗ್ಗೆ ಬೇಗ ಶುರು ಮಾಡಬೇಡಿ.

ಇನ್ನೊಂದು ನೀರು ಕಂಪ್ರೆಸರಿನಿಂದ ಬರುತ್ತದೆ. ಅಂಥ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಗನ್ ನಿಮಿಷಕ್ಕೆ 300 ಲೀಟರ್ ಗಾಳಿ ತಗೊಂಡರೆ ಗಂಟೆಗೆ 18 ಘನ ಮೀಟರ್, ಅಂದ್ರೆ ಹೆಚ್ಚು ಕಡಿಮೆ 400 ಗ್ರಾಂ ನೀರನ್ನು ಕಂಪ್ರೆಸರ್ ಒಳಗೆ ಎಳೆದುಕೊಳ್ಳುತ್ತದೆ. ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿ ಹೆಚ್ಚಿನ ಪಾಲು ನೀರಾಗಿಯೇ ಬೀಳಬೇಕು, ಟ್ಯಾಂಕಿನಲ್ಲಿ ಬೀಳದ್ದು ಪೈಪಿಗೆ ಬರುತ್ತದೆ. ನಾನು ಮಳೆಗಾಲದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೂ ಟ್ಯಾಂಕಿನ ಕೆಳಗಿನ ವಾಲ್ವ್ ಬಿಡುತ್ತೇನೆ, ಸಂಜೆಯೂ ಬಿಡುತ್ತೇನೆ. ವಾಟರ್ ಸೆಪರೇಟರನ್ನು ಕಂಪ್ರೆಸರಿಗೆ ತಾಗಿಸಿ ಹಾಕಿದರೆ ಪ್ರಯೋಜನ ಕಮ್ಮಿ, ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ. ಗನ್ನಿನ ಕಡೆಗೆ, ಪೈಪಿನಲ್ಲಿ ತಣ್ಣಗಾದ ಮೇಲೆ ಹಾಕಬೇಕು. ಅನುಮಾನ ಇದ್ದರೆ ಪೇಂಟ್ ಹಾಕದ ಗನ್ ಹಿಡಿದು ಒಂದು ಕನ್ನಡಿಗೆ ಒಂದು ನಿಮಿಷ ಬರೀ ಗಾಳಿ ಬಿಡಿ. ಹನಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಹಾರ್ಡ್‌ನರ್ ಡಬ್ಬಿಯ ಮುಚ್ಚಳ ಸಡಿಲ ಇಟ್ಟರೂ ಇದೇ ಕತೆ. ಒಳಗೆ ಕೆನೆ ಕಟ್ಟಿದ್ದರೆ, ಮೋಡ ಕವಿದ ಹಾಗೆ ಮಂಕಾಗಿದ್ದರೆ ಅದನ್ನು ಬಳಸಬೇಡಿ. ಹಾರ್ಡ್‌ನರ್ ಅಂದ ಕೂಡಲೇ ಇನ್ನೊಂದು ಮಾತು ಹೇಳಲೇಬೇಕು. ಅದರಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಎದೆಗೆ ಹತ್ತಿದರೆ ಆಸ್ತಮಾ ಜೀವನಪೂರ್ತಿ ಉಳಿಯಬಹುದು. ಕರ್ಚೀಫ್, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಟು-ಕೆ ಹೊಡೆಯುವವರಿಗೆ ಬೇಕಾದ್ದು ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್. ನಮ್ಮಲ್ಲಿ ಕಲಿಯಲು ಬರುವ ಹುಡುಗರಿಗೆ ಅದಿಲ್ಲದೆ ಗನ್ ಕೊಡುವುದಿಲ್ಲ.

ಫಿಶ್ ಐ

ಪೇಂಟ್ ಹೊಡೆದ ಕೂಡಲೇ ಮೀನಿನ ಕಣ್ಣಿನ ಹಾಗೆ ದುಂಡಗೆ ಗುಂಡಿ ಬಿದ್ದು, ನಡುವೆ ಕೆಳಗಿನ ಪದರ ಕಂಡರೆ ಅದು ಎಣ್ಣೆ ಅಥವಾ ಸಿಲಿಕಾನ್. ಕಪ್ಪು ಪ್ಲಾಸ್ಟಿಕ್ ಹೊಳೆಯಲಿ ಅಂತ ವಾಶಿಂಗಿನಲ್ಲಿ ಹಚ್ಚುವ ಪಾಲಿಶ್ ಇದರ ದೊಡ್ಡ ಮೂಲ. ನಮ್ಮ ಕಡೆ ಇನ್ನೊಂದು ಮೂಲ ಉಂಟು, ತೆಂಗಿನೆಣ್ಣೆ. ತಲೆಗೆ ಹಚ್ಚಿದ ಕೈಯಲ್ಲಿ ಒರೆಸಿದ ಬಂಪರ್ ಮುಟ್ಟಿದರೆ ಬೆರಳಿನ ಸಾಲಿನಲ್ಲೇ ಗುಂಡಿ ಬೀಳುತ್ತದೆ. ಗುಂಡಿಗಳು ಎಲ್ಲ ಕಡೆ ಸಮ ಹರಡಿದ್ದರೆ ಕಂಪ್ರೆಸರಿನ ಎಣ್ಣೆ ಅಂತ ನೋಡಿ, ಒಂದೇ ಕಡೆ ಗುಂಪಾಗಿದ್ದರೆ ಕೈಯೋ ಬಟ್ಟೆಯೋ ಪಾಲಿಶೋ. ಮೇಲೆ ಮೇಲೆ ಪೇಂಟ್ ತುಂಬಿಸಬೇಡಿ, ಗುಂಡಿ ಆಳವಾಗುತ್ತದೆ ಅಷ್ಟೆ. ಒಣಗಲು ಬಿಟ್ಟು, ಉಜ್ಜಿ, ಕ್ಲೀನರಿನಲ್ಲಿ ಒರೆಸಿ ಹೊಡೆಯಿರಿ.

ಧೂಳು, ಬಣ್ಣದ ವ್ಯತ್ಯಾಸ

ಡಿಸೆಂಬರ್ ಜನವರಿಯಲ್ಲಿ ಗಾಳಿ ಒಣಗಿದಾಗ ತೊಂದರೆ ತಿರುಗಿ ಬೀಳುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದ ಪ್ಲಾಸ್ಟಿಕ್ಕಿಗೆ ಸ್ಟ್ಯಾಟಿಕ್ ಕರೆಂಟ್ ಬಂದು ಮುರಕಲ್ಲಿನ ಕೆಂಪು ಧೂಳನ್ನು ಎಳೆದುಕೊಳ್ಳುತ್ತದೆ. ಕೊನೆಯ ಸಲ ಒರೆಸುವಾಗ ಆಂಟಿಸ್ಟ್ಯಾಟಿಕ್ ಕ್ಲೀನರ್ ಬಳಸಿ, ನೆಲಕ್ಕೆ ನೀರು ಚಿಮುಕಿಸಿ.

ಮೆಟಾಲಿಕ್ ಬಣ್ಣದಲ್ಲಿ ಬಂಪರ್ ಪಕ್ಕದ ಫೆಂಡರಿಗಿಂತ (ಚಕ್ರದ ಮೇಲಿನ ಬಾಡಿ ತಗಡು) ತಿಳಿ ಕಂಡರೆ ಒಣಗಿಸಿ ಹೊಡೆದಿದ್ದೀರಿ, ಗಾಢ ಕಂಡರೆ ಒದ್ದೆ ಜಾಸ್ತಿ ಆಗಿದೆ. ಕಂಪನಿಯಲ್ಲೂ ಹೆಚ್ಚಾಗಿ ಬಂಪರ್ ಮತ್ತು ಬಾಡಿಗೆ ಬೇರೆ ಬೇರೆ ಪೇಂಟ್, ಬೇರೆ ಬೇರೆ ಬಿಸಿ. ಆದ್ದರಿಂದ ಹೊಸ ಕಾರಿನಲ್ಲೂ ಒಂಚೂರು ವ್ಯತ್ಯಾಸ ಇರುತ್ತದೆ. ಮೊದಲು ಒಂದು ಕಾರ್ಡಿಗೆ ಹೊಡೆದು ಬಿಸಿಲಿನಲ್ಲಿ ಫೆಂಡರಿಗೆ ಹಿಡಿದು ನೋಡಿ.

ಮಲ್ಪೆಯ ಬಂಪರ್

ಅವರ ಬಂಪರನ್ನು ಪೂರ್ತಿ ಬೋಳಿಸಿದೆ. ಎರಡು ಸಲ ಬಿಸಿನೀರು ಲಿಕ್ವಿಡ್, ನಡುವೆ ಸ್ಕಫ್ ಪ್ಯಾಡ್, ಕೊನೆಗೆ ಎರಡು ಬಟ್ಟೆಯ ಕ್ಲೀನರ್. ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಲ್ಲಬಾರದು ಅಂತ ಜನರೇಟರ್ ಇರುವ ಪಕ್ಕದ ಗ್ಯಾರೇಜಿನ ಲೈನ್ ಎಳೆದುಕೊಂಡೆ. ಪ್ರಮೋಟರಿನಿಂದ ಕ್ಲಿಯರ್ ತನಕ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಒಂದು ವಾರ ಬಿಟ್ಟು ಬಂಪರಿನ ಕೆಳ ಅಂಚಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಬ್ಲೇಡ್ ಎಳೆದು ಟೇಪ್ ಕಿತ್ತೆ. ಟೇಪ್ ಖಾಲಿ ಬಂತು. ಅದನ್ನು ಅವರಿಗೂ ತೋರಿಸಿದೆ.

"ಇನ್ನು ವಾಶಿಂಗಿಗೆ ಬಿಡಬಹುದಾ ಅಣ್ಣ?" ಅಂತ ಕೇಳಿದರು.

"ಒಂದು ತಿಂಗಳು ಬಕೆಟ್ ನೀರಲ್ಲೇ ತೊಳೆಯಿರಿ. ಆಮೇಲೆ ಬಿಡಿ. ಆದ್ರೆ ಗನ್ ಒಂದು ಮೊಳ ದೂರ ಇರಲಿ, ಬಂಪರಿನ ಅಂಚಿಗೆ ನೇರ ಹೊಡೀಬೇಡಿ ಅಂತ ಹುಡುಗರಿಗೆ ಹೇಳಿ."